ಮನೆಯಲ್ಲಿ ಯಾರಿಗೆ ಕೆಮ್ಮಿದೆ

29 ಜೂನ್ 2009, ಸೋಮವಾರ. ವೆಸ್ಟ್‌ಮೀಡ್, ಸಂಜೆ.

ಮಕ್ಕಳ ವಾರ್ಡಿನಲ್ಲಿ ಇವತ್ತು ಹದಿನೆಂಟು ಕೇಸ್. ಒಂಬತ್ತು ಹಂದಿಜ್ವರ, ನಾಲ್ಕು ನಾಯಿಕೆಮ್ಮು, ಉಳಿದದ್ದು ಇಲ್ಲಿನ ಜೂನ್ ಚಳಿಗಾಲದ ಎಂದಿನ ಕಫ, ಉಬ್ಬಸ. ಹಂದಿ, ನಾಯಿ ಎಲ್ಲ ಒಟ್ಟಿಗೆ ಬಂದಿವೆ ಈ ವರ್ಷ. ಇನ್ನು ಕುದುರೆ ಒಂದು ಬಾಕಿ.

ಹೊಸ ಕೂಸು ಬಂದರೆ ಕೇಳುವ ಪ್ರಶ್ನೆ ಒಂದೇ—ಮನೆಯಲ್ಲಿ ಯಾರಿಗೆ ಕೆಮ್ಮಿದೆ? ಮೊದಲ ಸಲ ಎಲ್ಲರೂ ‘ಯಾರಿಗೂ ಇಲ್ಲ’ ಅನ್ನುತ್ತಾರೆ. ಎರಡನೇ ಸಲ ಕೇಳಿದರೆ ಅಜ್ಜ ಹೊರಬೀಳುತ್ತಾನೆ. ಮೂರನೇ ಸಲಕ್ಕೆ ತಾಯಿಯೇ. ದೊಡ್ಡವರಿಗೆ ನಾಯಿಕೆಮ್ಮು ಬರೀ ಕೆಮ್ಮು, ವಾರಗಟ್ಟಲೆ ಇರುತ್ತದೆ, ಹೋಗುತ್ತದೆ. ಎರಡು ತಿಂಗಳ ಲಸಿಕೆ ಇನ್ನೂ ಆಗದ ಕೂಸಿಗೆ ಉಸಿರೇ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಬಾಯಿಪಾಠ.

ನನಗೂ ಶನಿವಾರದಿಂದ ನೆಗಡಿ, ಸಣ್ಣ ಕೆಮ್ಮು. ಫ್ಲೂ ಸ್ವಾಬ್ ಕಳಿಸಿದ್ದೇನೆ. ರಿಸಲ್ಟ್ ಬರುವ ತನಕ ಮನೆ. ನಿದ್ದೆಯಾದರೂ ಆಗುತ್ತದೆ…

1 ಜುಲೈ, ಬುಧವಾರ

ಫ್ಲೂ ನೆಗೆಟಿವ್. ನಾಳೆಯಿಂದ ಮಾಸ್ಕ್ ಹಾಕಿಕೊಂಡು ಡ್ಯೂಟಿ. ಸ್ಟಾಫ್ ಕ್ಲಿನಿಕ್‌ನಿಂದ ಇಮೇಲ್: ನಾಯಿಕೆಮ್ಮಿನ ಬೂಸ್ಟರ್ ಹಾಕಿಸಿಕೊಳ್ಳಿ. ಇದು ಮೂರನೆಯ ಇಮೇಲ್. ಮುಂದಿನ ವಾರ ನೋಡೋಣ.

ಮೆಲ್ಬರ್ನ್‌ನಿಂದ ಗುರು ಫೋನ್ ಮಾಡಿದ್ದ, ನನ್ನ ತಮ್ಮ. ಕೂಸು ಹುಟ್ಟಿ ಹದಿನೇಳು ದಿನ, ಇನ್ನೂ ಹೆಸರಿಲ್ಲ. ಸೋದರತ್ತೆ ಬರದೆ ಹೆಸರಿಡಬಾರದು ಅಂತ ಅವ್ವನ ಹಠ.

“ಅಕ್ಕಾ, ಹನ್ನೆರಡನೇ ತಾರೀಕ ಭಾನುವಾರ ಐತಿ. ಬಂದು ಹೋಗಿಬಿಡು. ನೀ ಬರೋತನಕ ಕೂಸಿನ್ನ ತೊಟ್ಟಲಕ್ಕ ಹಾಕೂದಿಲ್ಲ ಅಂತಾಳ ಅವ್ವ. ಬರ್ತ್ ಸರ್ಟಿಫಿಕೇಟ್ ಫಾರ್ಮ್ ಬ್ಯಾರೆ ಹಂಗ ಬಿದ್ದೈತಿ.”

ರಜೆ ಕೇಳಬೇಕು.

12 ಜುಲೈ, ಭಾನುವಾರ. ಬರ್ವಿಕ್, ಮೆಲ್ಬರ್ನ್.

ಹಾಲ್ ತುಂಬ ಧಾರವಾಡ, ಹುಬ್ಬಳ್ಳಿ. ನಿನ್ನೆ ರಾತ್ರಿ ಅವ್ವನ ರೂಮಿನಲ್ಲೇ ಮಲಗಿದ್ದೆ. ಕೆಮ್ಮಿನ ಔಷಧಿ ಕುಡಿದು ಮಲಗಿದರೂ ಎರಡು ಸಲ ಎದ್ದು ಕೂತೆ. ಅವ್ವ ಬೆನ್ನು ತಿಕ್ಕಿದಳು, ಬಿಸಿನೀರು ಕೊಟ್ಟಳು. ಉಳಿದವರಿಗೆ ಹೇಳಲಿಲ್ಲ. ಫ್ಲೂ ಅಲ್ಲವಲ್ಲ.

ಗುರುವಿನ ಹೆಂಡತಿ ವಾಸಂತಿ ತುಮಕೂರಿನವಳು. ಅವಳ ತಾಯಿಗೆ ಮಂಡಿ ಆಪರೇಷನ್, ಅದಕ್ಕೇ ಬಾಣಂತನಕ್ಕೆ ಅವ್ವ ಬಂದದ್ದು. ಅತ್ತೆಯ ಬಾಣಂತನ ಸೊಸೆಗೆ ಒಗ್ಗುವುದು ಅಷ್ಟರಲ್ಲೇ ಇದೆ. ಅವ್ವ ದಿನಾ ಕೂಸಿಗೆ ಎರೆದು ಲೋಬಾನದ ಹೊಗೆ ಹಾಕುತ್ತಾಳೆ, ಸ್ಮೋಕ್ ಅಲಾರ್ಮ್ ಕೂಗುತ್ತದೆ. ಈಗ ಗುರು ಅದರ ಬ್ಯಾಟರಿಯನ್ನೇ ಕಿತ್ತು ಫ್ರಿಜ್ ಮೇಲೆ ಇಟ್ಟಿದ್ದಾನೆ.

ಮಾಸ್ಕ್ ಹಾಕಿಕೊಂಡೇ ತೊಟ್ಟಿಲ ಹತ್ತಿರ ಕೂತೆ. ಆಸ್ಪತ್ರೆಯಿಂದ ಬಂದವಳು, ಎಚ್ಚರಿಕೆಗೆ ಅಷ್ಟೆ, ಅಂದೆ. ಅವ್ವ ಕೈ ಹಾಕಿ ಮಾಸ್ಕ್ ಕೆಳಗೆಳೆದಳು. “ಬಾಯಿ ಕಟ್ಟಿಕೊಂಡು ಯಾರರ ಹೆಸರ ಹೇಳ್ತಾರೇನ ಅಹಲ್ಯಾ? ಕಳ್ಳರಂಗ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮತ್ತೆ ಮೇಲೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ.

ಕೂಸಿನ ಕಿವಿಗೆ ಬಾಯಿಟ್ಟು “ಕುರ್ರ್… ಗಾನವಿ” ಅಂದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ಹುಬ್ಬಳ್ಳಿಯ ಸಂಧ್ಯಾರಾಣಿ ಆಂಟಿಯ ಗುದ್ದು ಮಾತ್ರ ಹಗೆ ತೀರಿಸಿಕೊಂಡ ಹಾಗಿತ್ತು. ಕೆಮ್ಮು ಬಂತು. ತಡೆಯಲಾಗಲಿಲ್ಲ, ಕೂಸಿನ ಮೇಲೆ ಬಗ್ಗಿಯೇ ಇದ್ದೆ. ಗುದ್ದಿದ್ದಕ್ಕೆ ಕೆಮ್ಮಿದಳು ಅಂತ ಮತ್ತೆ ನಗು.

ಮೂರು ಕಿಲೋ ಎಂಟು ನೂರು. ಗಲ್ಲ ಗುರುವಿನದೇ.

13 ಜುಲೈ. ಏರ್‌ಪೋರ್ಟ್.

ಟಾಯ್ಲೆಟ್ಟಿನಲ್ಲಿ ಕೆಮ್ಮಿ ಕೆಮ್ಮಿ ವಾಂತಿ. ನಿನ್ನೆ ಹೋಳಿಗೆ ಜಾಸ್ತಿಯಾಯಿತು.

22 ಜುಲೈ, ಬುಧವಾರ

ಗುರು ಫೋನ್. ಕೂಸಿಗೆ ಮೂಗು ಸೋರುತ್ತಿದೆ, ಒಂದೊಂದು ಸಲ ಕೆಮ್ಮು. ಹಿಂದಿನಿಂದ ವಾಸಂತಿ: “ಆ ಹೊಗೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ, ಕೇಳಿ ಅಕ್ಕನ್ನ.” ಅತ್ತೆ-ಸೊಸೆ ನಡುವೆ ನನ್ನನ್ನು ಜಡ್ಜ್ ಮಾಡಿದರು. ಜ್ವರ ಇಲ್ಲ, ಹಾಲು ಕುಡಿಯುತ್ತಿದೆ. ನೆಗಡಿ ಅಂದೆ. ಮೂಗಿಗೆ ಸಲೈನ್ ಹನಿ. ಹೊಗೆ ನಿಲ್ಲಿಸಿ.

ಮೂರು ನಿಮಿಷದಲ್ಲಿ ಮುಗಿಸಿದೆ. ವಾರ್ಡಿನಲ್ಲಿ ಕರೆಯುತ್ತಿದ್ದರು. ಕೇಳಲೇಬೇಕಾದ ಪ್ರಶ್ನೆ ಕೇಳಲಿಲ್ಲ.

27 ಜುಲೈ, ಸೋಮವಾರ. ಬೆಳಿಗ್ಗೆ 7.40.

ರೈಲಿನಲ್ಲಿದ್ದೆ. ಗುರು. ಹಾಲು ಕುಡಿಯುತ್ತಾ ಕೆಮ್ಮಿತು, ಮುಖ ಕೆಂಪಾಯಿತು, ಆಮೇಲೆ ನೀಲಿ, ಆಮೇಲೆ ಉಸಿರಿಲ್ಲ. ಬೆನ್ನು ತಟ್ಟಿದ ಮೇಲೆ ಬಂತು. ಫೋನ್ ಕೂಸಿನ ಹತ್ತಿರ ಹಿಡಿ ಅಂದೆ. ಕೇಳಿಸಿಕೊಂಡೆ. ದಿನಾ ಕೇಳುವ ಸದ್ದು, ಹತ್ತು ಸೆಕೆಂಡ್ ಸಾಕು. ಟ್ರಿಪಲ್ ಜೀರೋ ಮಾಡು, ಆಂಬುಲೆನ್ಸ್ ಕರೆಸು, ಈಗಲೇ, ನಾಯಿಕೆಮ್ಮಿರಬಹುದು ಅಂತ ಹೇಳು. ನನ್ನ ಧ್ವನಿ ಬಹಳ ಚೆನ್ನಾಗಿತ್ತು, ಡ್ಯೂಟಿ ಧ್ವನಿ.

11.15

ಎಣಿಸಿದೆ. ನನಗೆ ಕೆಮ್ಮು ಶುರುವಾಗಿ ಮೂವತ್ತು ದಿನ. ಕೂಸಿನ ಕಿವಿಗೆ ಬಾಯಿಟ್ಟು ಹದಿನೈದು. ಕೂಸಿಗೆ ನೆಗಡಿಯಾದದ್ದು ಅದಾಗಿ ಎಂಟೊಂಬತ್ತು ದಿನಕ್ಕೆ. ಪುಸ್ತಕದಲ್ಲಿದ್ದ ಹಾಗೇ ಇದೆ, ಒಂದು ದಿನವೂ ಆಚೀಚೆ ಇಲ್ಲ. ಬೇರೆಯವರ ಮನೆಯದಾದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದೆ.

ಬಾಸ್‌ಗೆ ತಿಳಿಸಿದೆ. ಸ್ವಾಬ್ ಕೊಟ್ಟೆ. ಮಾತ್ರೆ ಶುರು. ಐದು ದಿನ ಮನೆ.

29 ಜುಲೈ, ಬುಧವಾರ

ಪಾಸಿಟಿವ್.

ಪಬ್ಲಿಕ್ ಹೆಲ್ತ್‌ನಿಂದ ಒಬ್ಬ ನರ್ಸ್ ಫೋನ್ ಮಾಡಿದಳು. ಒಳ್ಳೆಯವಳು. ಚಿಕ್ಕ ಮಕ್ಕಳ ಹತ್ತಿರ ಹೋಗಿದ್ದಿರಾ? ವಾರ್ಡಿನಲ್ಲಿ ಯಾವಾಗಲೂ ಮಾಸ್ಕ್ ಇತ್ತು, ಹೆಸರುಗಳ ಪಟ್ಟಿ ಕೊಟ್ಟೆ. ಮೆಲ್ಬರ್ನ್‌ನಲ್ಲಿ ತಮ್ಮನ ಮಗು, ಆಗಲೇ ಚಿಕಿತ್ಸೆಯಲ್ಲಿದೆ ಅಂದೆ. ಐ ಆಮ್ ಸೋ ಸಾರಿ ಅಂದಳು. ಥ್ಯಾಂಕ್ಸ್ ಅಂದೆ.

ಗುರುವಿಗೆ ಹೇಳೋಣ ಅಂತ ಫೋನ್ ಎತ್ತಿದೆ. ಅವನೇ ಮೊದಲು ಮಾತಾಡಿದ. “ಅಕ್ಕಾ, ಆಸ್ಪತ್ರಿಯವರು ಮನ್ಯಾಗ ಯಾರಿಗೆ ಕೆಮ್ಮು ಐತಿ ಅಂತ ಕೇಳಿದ್ರು. ಅವ್ವಗ ಒಂದ ವಾರದಿಂದ ಐತಿ ಅಂದೆ. ಟೆಸ್ಟ್ ಮಾಡಿದ್ರು, ಪಾಸಿಟಿವ್. ಊರಿಂದನ ತಂದಾಳ ಅಂತಾಳ ವಾಸಂತಿ. ನಾ ಏನ್ ಹೇಳ್ಲಿ?”

ಅವ್ವ ಬಂದು ಎರಡು ತಿಂಗಳಾಯಿತು. ಊರಿಂದ ತಂದಿರಲು ಸಾಧ್ಯವೇ ಇಲ್ಲ. ಒಂದು ವಾಕ್ಯ ಸಾಕಿತ್ತು.

ನೋಡೋಣ ಅಂದೆ. ನೀರು ಕುಡಿ, ಊಟ ಬಿಡಬೇಡ ಅಂದೆ.

31 ಜುಲೈ

ಗಾನವಿ ಐಸಿಯುನಲ್ಲಿ. ವೆಂಟಿಲೇಟರ್. ಬಿಳಿ ರಕ್ತಕಣ ಎಪ್ಪತ್ತೊಂದು ಸಾವಿರ. ಆ ಸಂಖ್ಯೆ ಏನು ಅಂತ ಗುರುವಿಗೆ ಗೊತ್ತಿಲ್ಲ, ನನಗೆ ಗೊತ್ತು. ಲಕ್ಷ ದಾಟಿದರೆ ಉಳಿಯುವುದು ಕಷ್ಟ. “ಇದು ಚೊಲೋನ ಅಕ್ಕಾ?” ಅಂತ ಕೇಳಿದ. ನಾಳೆಯದನ್ನೂ ಹೇಳು ಅಂದೆ.

ಅನ್ನಕ್ಕಿಟ್ಟೆ. ಸಾರು ಮಾಡಿದೆ. ಉಂಡೆ. ಪಾತ್ರೆ ತೊಳೆದೆ. ಏನೂ ಅನ್ನಿಸುತ್ತಿಲ್ಲ. ಅಳು ಬಂದರೆ ಒಳ್ಳೆಯದು ಅಂತ ಸ್ವಲ್ಪ ಹೊತ್ತು ಕೂತು ನೋಡಿದೆ, ಬರಲಿಲ್ಲ. ಇಸ್ತ್ರಿ ಮಾಡಿದೆ.

2 ಆಗಸ್ಟ್, ಭಾನುವಾರ. ಮೆಲ್ಬರ್ನ್.

ಮಾತ್ರೆ ಮುಗಿಸಿ ಬೆಳಗಿನ ವಿಮಾನ ಹತ್ತಿದೆ. ಐಸಿಯುನಲ್ಲಿ ಮೊದಲು ಮಾನಿಟರ್ ನೋಡಿದೆ, ಆಮೇಲೆ ಕೂಸನ್ನು. ಎಪ್ಪತ್ತೆಂಟು ಸಾವಿರ. ವಾಸಂತಿ ನನ್ನ ಕೈ ಹಿಡಿದುಕೊಂಡು, “ನೀವು ಬಂದ್ರಲ್ಲ, ಇನ್ನು ಧೈರ್ಯ” ಅಂದಳು. ಕೈ ಬಿಡಿಸಿಕೊಳ್ಳಲು ಗೊತ್ತಾಗಲಿಲ್ಲ.

ಅವ್ವ ಮನೆಯಲ್ಲಿ, ಹಿಂದಿನ ರೂಮಿನಲ್ಲಿ ಒಬ್ಬಳೇ. ಅವಳಿಗೂ ಮಾತ್ರೆ ಕೊಟ್ಟಿದ್ದಾರೆ. ಆದರೂ ವಾಸಂತಿ ಅವಳ ಊಟವನ್ನು ಪೇಪರ್ ಪ್ಲೇಟಿನಲ್ಲಿ ಹಾಕಿ ಬಾಗಿಲಲ್ಲಿಡುತ್ತಾಳಂತೆ. ಆಸ್ಪತ್ರೆಗೆ ಬರಬೇಡಿ ಅಂದಿದ್ದಾಳೆ. ನಾನು ಮನೆಗೆ ಹೋದಾಗ ಅವ್ವ ಗೋಡೆಗೆ ಒರಗಿ ಕೂತು ಕೂಸಿಗೆಂದು ಕೌದಿ ಹೊಲಿಯುತ್ತಿದ್ದಳು.

ಅವ್ವಾ, ಇದು ನನ್ನಿಂದ ಬಂದದ್ದು ಅಂದೆ.

“ಗೊತ್ತೈತಿ” ಅಂದಳು. ಸೂಜಿ ನಿಲ್ಲಿಸಲಿಲ್ಲ. “ನನ್ನ ಮಗ್ಗಲದಾಗ ಮಲಗಿ ಕೆಮ್ಮಿದಾಕಿ ನೀನು. ಬಾಯಿಂದ ಆ ಅರಿವಿ ಜಗ್ಗಿದಾಕಿ ನಾನು. ಇಬ್ಬರದೂ ಐತಿ.”

“ಗುರುಗ ಹೇಳ್ತೇನಿ.”

“ಬ್ಯಾಡ. ಈ ದೇಶದಾಗ ನಿನಗ ಯಾರದಾರ? ಅವನೊಬ್ಬಾನ. ಆ ಬಾಗಲಾ ಮುಚ್ಚಿತು ಅಂದ್ರ ಹಬ್ಬಕ್ಕ ಯಾರ ಮನಿಗೆ ಹೋಗ್ತಿ? ನಾ ಇವತ್ತಲ್ಲ ನಾಳೆ ಊರಿಗೆ ಹೋಗಾಕಿ. ಮುದುಕಿ ಮ್ಯಾಲ ಹೊರಿಸಿದ್ರ ಮುದುಕಿಗೇನ ಭಾರ? ಸುಮ್ಮನಿರು.”

ಸುಮ್ಮನಿದ್ದೆ. ಅವ್ವ ಹೇಳಿದ್ದಕ್ಕಲ್ಲ. ಹೇಳಿದ್ದು ಅನುಕೂಲವಾಗಿತ್ತು, ಅದಕ್ಕೆ.

5 ಆಗಸ್ಟ್

ಅರವತ್ತು ಸಾವಿರ. ಇಳಿಯುತ್ತಿದೆ.

23 ಆಗಸ್ಟ್, ಭಾನುವಾರ. ವೆಸ್ಟ್‌ಮೀಡ್.

ಬರೆಯಲಾಗಿಲ್ಲ. ಹತ್ತನೇ ತಾರೀಕು ವೆಂಟಿಲೇಟರ್ ತೆಗೆದರು. ಈಗ ಬಾಯಿಂದ ಹಾಲು. ಬದುಕಿದಳು. ಸಂತೋಷವಾಯಿತು ಅಂತ ಬರೆಯಬೇಕು. ಆಗಿರಬೇಕು.

ಅವ್ವನ ಟಿಕೆಟ್ ನವೆಂಬರ್‌ಗಿತ್ತು. ಬದಲಾಯಿಸಿ ಗುರುವಾರವೇ ಕಳಿಸಿದರು. ಕೂಸನ್ನು ಐಸಿಯು ಗಾಜಿನ ಆಚೆಯಿಂದಲೂ ಒಂದು ಸಲ ತೋರಿಸಲಿಲ್ಲ. ಏರ್‌ಪೋರ್ಟಿನಿಂದ ಫೋನ್ ಮಾಡಿ, “ಕೌದಿ ಬಿಟ್ಟು ಬಂದೇನಿ, ಹೊಚ್ಚತಾರೋ ಇಲ್ಲೋ” ಅಂದಳು. ಗುರು ಬೇರೆ ದಿಕ್ಕಿಗೆ ನೋಡುತ್ತಾ ನಿಂತಿದ್ದನಂತೆ.

ನಾನು ಡ್ಯೂಟಿಯಲ್ಲಿದ್ದೆ. ಒಬ್ಬ ತಾಯಿಗೆ ಕೇಳುತ್ತಿದ್ದೆ, ಮನೆಯಲ್ಲಿ ಯಾರಿಗೆ ಕೆಮ್ಮಿದೆ ಅಂತ. ಯಾರಿಗೂ ಇಲ್ಲ ಅಂದಳು. ಎರಡನೇ ಸಲ ಕೇಳಲಿಲ್ಲ ನಾನು. ಜೊತೆಗಿದ್ದ ನರ್ಸ್ ಕೇಳಿದಳು.

6 ಸೆಪ್ಟೆಂಬರ್, ಭಾನುವಾರ. ಬರ್ವಿಕ್, ಮಧ್ಯಾಹ್ನ 3.

ಹಿಂದಿನ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ತೆಗೆದೇ ಇದೆ.

ಗಾನವಿ ಮನೆಗೆ ಬಂದು ನಾಲ್ಕು ದಿನ. ಇವತ್ತು ಇಲ್ಲಿ ಫಾದರ್ಸ್ ಡೇ, ಗುರುವಿಗೆ ಒಂದು ಶರ್ಟ್ ತಂದಿದ್ದೆ. ಊಟ ಆಯಿತು. ವಾಸಂತಿ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. “ಹಿಡ್ಕೊಳ್ಳಿ ಅಕ್ಕಾ. ನಿಮಗಲ್ದೆ ಇನ್ಯಾರಿಗೂ ಕೊಡಲ್ಲ ನಾನು. ಆವತ್ತು ಫೋನಲ್ಲಿ ನೀವು ಹೇಳದೆ ಇದ್ದಿದ್ರೆ ಇವಳು ಇರ್ತಿರ್ಲಿಲ್ಲ.” ಆಮೇಲೆ ಅದೇ ಉಸಿರಿನಲ್ಲಿ, “ಅತ್ತೆ ಮಾತ್ರ ಇನ್ಮೇಲೆ ಈ ಮನೆಗೆ ಬರೋದು ಬೇಡ. ಇವರಿಗೂ ಹೇಳಿದೀನಿ. ಇವಳ ಮುಖ ಫೋಟೋದಲ್ಲಿ ನೋಡ್ಲಿ.”

ಗುರು ತಲೆ ತಗ್ಗಿಸಿ ರಿಮೋಟ್ ಒತ್ತುತ್ತಿದ್ದ.

ಹೇಳಿದೆ. ರೌಂಡ್ಸ್‌ನಲ್ಲಿ ಕೇಸ್ ಹೇಳುವ ಹಾಗೆ ಹೇಳಿದೆ. ನನಗೆ ಕೆಮ್ಮು ಶುರುವಾದದ್ದು ಜೂನ್ ಇಪ್ಪತ್ತೇಳು. ಹೆಸರಿಟ್ಟದ್ದು ಜುಲೈ ಹನ್ನೆರಡು. ನನ್ನ ಸ್ವಾಬ್ ಪಾಸಿಟಿವ್. ಅವ್ವನಿಗೂ ನನ್ನಿಂದಲೇ. ಬೇರೆ ರೀತಿ ಹೇಳಲು ಬರಲಿಲ್ಲ.

“ಅಕ್ಕಾ, ನೀ ಡಾಕ್ಟರ್ ಅದೀ” ಅಂದ ಗುರು. ಅಷ್ಟೇ.

ವಾಸಂತಿ ಬಂದು ಕೂಸನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆತ್ತಗೇ ತೆಗೆದುಕೊಂಡಳು.

“ನಿಮ್ಮ ರಿಸಲ್ಟ್ ಯಾವತ್ತು ಬಂತು?”

“ಜುಲೈ ಇಪ್ಪತ್ತೊಂಬತ್ತು.”

ಕೂಸನ್ನು ಹೆಗಲಿಗೆ ಹಾಕಿಕೊಂಡಳು. “ಅತ್ತೆಗೆ ಪೇಪರ್ ಪ್ಲೇಟಲ್ಲಿ ಹಾಕೋಕೆ ಶುರು ಮಾಡಿದ್ದು ಮೂವತ್ತಕ್ಕೆ” ಅಂದಳು.

ಕೆಮ್ಮಿದ್ದಕ್ಕೆ ಏನೂ ಅನ್ನಲಿಲ್ಲ. ಅದನ್ನು ಬೇಕಾದರೆ ಕ್ಷಮಿಸುತ್ತಿದ್ದಳೇನೋ.

ಈಗ ಅಡುಗೆಮನೆಯಲ್ಲಿ ಊರಿಗೆ ಫೋನ್ ಮಾಡುವ ಕಾಲಿಂಗ್ ಕಾರ್ಡಿನ ನಂಬರ್ ಒತ್ತುತ್ತಿದ್ದಾಳೆ. ಎರಡು ಸಲ ತಪ್ಪಾಯಿತು. ಧಾರವಾಡದಲ್ಲಿ ಹತ್ತೂವರೆ, ಅವ್ವ ಪೂಜೆ ಮುಗಿಸಿರುತ್ತಾಳೆ. ಸ್ಪೀಕರ್ ಹಾಕಿದ್ದಾಳೆ, ಕೂಸು ಹೆಗಲ ಮೇಲೆ. “ಹಲೋ, ಯಾರ್ರೀ?” ಅವ್ವನದೇ ಧ್ವನಿ. ವಾಸಂತಿ “ಅತ್ತೆ” ಅಂದಳು. ಅಳುತ್ತಿದ್ದಾಳೆ.

“ಯಾಕ ವಾಸಂತಿ? ಕೂಸಿಗೆ ಮತ್ತ ಏನಾತು? ಹೇಳವಾ, ಏನಾತು?” ಅವ್ವ ಕೂಗುತ್ತಿದ್ದಾಳೆ. ಗುರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾನೆ. ಏಳಬೇಕು. ಎದ್ದು ಹೋಗಿ ಅವ್ವನಿಗೆ ಹೇಳಬೇಕು, ಕೂಸು ಚೆನ್ನಾಗಿದೆ, ನಾನೇ ಇವರಿಗೆ ನಿಜ ಹೇಳಿದೆ ಅಂತ—