ಸೂನ್ ಸಾಹೇಬರ ಸೋಫಾ

ಸೋಫಾ ರಿಪೇರಿ ಅಂಗಡಿಯ ಹಿಂದಿನ ಕೋಣೆ
ಗುರುವಾರ, ಹನ್ನೆರಡನೇ ತಾರೀಖು, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ದಿನವಿಡೀ ಲ್ಯಾಬಿನಲ್ಲಿ ನಿಂತು ಜನರ ತೋಳಿಗೆ ಸೂಜಿ ಚುಚ್ಚಿ, ಬಂದು ಬರೀ ನೆಲದ ಮೇಲೆ ಚಾಪೆ ಹಾಕಿ ಮಲಗಿದರೆ ಅದು ಎಲ್ಲಿಂದ ಇಳಿದೀತು? ಒಂದು ಮಂಚ ತೆಗೆದುಕೋ ಎಂದರೆ, ‘ಮದುವೆ ಸೂನ್ ಆಗುತ್ತಲ್ಲ, ಆಮೇಲೆ ಮಂಚನ ಯಾರ ತಲೆ ಮೇಲೆ ಹೊರಿಸ್ಲಿ’ ಎನ್ನುತ್ತೀ. ಅಪ್ಪ ಅಮ್ಮ ಆರಾಮಾಗಿದ್ದಾರೆ. ಅಪ್ಪನ ಕೆಮ್ಮು ಹೋಗಿದೆ, ತಮಾಷೆ ಹೋಗಿಲ್ಲ. ನಾನೂ ಚೆನ್ನಾಗಿದ್ದೇನೆ. ಶಾಲೆ ಬಿಟ್ಟ ಮೇಲೆ ಹಿಡಿದು ಬಿಟ್ಟ ಕೆಲಸಗಳಲ್ಲಿ ಇದೇ ಹೆಚ್ಚು ದಿನ ನಿಂತಿರುವುದು. ‘ನಿನ್ನ ಅಂಗಾಲಲ್ಲಿ ಚಕ್ರ ಇದೆ’ ಎನ್ನುತ್ತಿದ್ದ ಅಮ್ಮ ಈಗ ‘ಚಕ್ರಕ್ಕೆ ತುಕ್ಕು ಹಿಡೀತಾ’ ಎಂದು ಕೇಳುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮುಂದೆ ಬರೆಯುವುದನ್ನು ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ ನಿನ್ನ ‘ಅವರ’ ಪರ ವಾದ ಶುರು ಮಾಡುತ್ತೀ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಮೊದಲು ಅಂಗಡಿಯ ಕಥೆ ಕೇಳು. ಬಂದ ಹೊಸದರಲ್ಲಿ ಯಜಮಾನರು ನನ್ನನ್ನು ಫೋನಿಗೆ ಕೂರಿಸಿದ್ದರು. ಗಿರಾಕಿ ‘ನಮ್ಮ ಸೋಫಾ ಯಾವಾಗ’ ಎಂದು ಕೇಳಿದರೆ ಏನು ಹೇಳಬೇಕೆಂದು ಒಂದು ಪಾಠವೇ ಆಯಿತು. ಹಳೆಯ ಬಟ್ಟೆ ಕಿತ್ತಾಗಿದ್ದರೆ ‘ಇನ್ನೇನು ಆಯ್ತು’. ಹೊಸ ಬಟ್ಟೆ ಬಂದಿಲ್ಲವಾದರೆ ‘ಇಷ್ಟರಲ್ಲೇ’. ಸಿಟ್ಟಾಗಿ ಎರಡನೇ ಸಲ ಫೋನ್ ಮಾಡಿದವರಿಗೆ ‘ಸದ್ಯದಲ್ಲೇ’. ಮೇಷ್ಟ್ರು, ವಕೀಲರು, ಇಂಥವರಿಗೆ ‘ಆದಷ್ಟು ಬೇಗ’. ಯಾವಾಗ ಎಂದು ದೇವರಿಗೂ ಗೊತ್ತಿಲ್ಲದಿದ್ದರೆ ಮಾತ್ರ ‘ಸೂನ್’. ಅದಕ್ಕೇ ಯಾಕೆ ಇಂಗ್ಲಿಷು ಎಂದು ಕೇಳಿದೆ. ‘ಕನ್ನಡದಲ್ಲಿ ಹೇಳಿದ್ರೆ ಎಷ್ಟೊತ್ತಿಗೆ ಅಂತ ಕೇಳ್ತಾರೆ. ಸೂನ್ ಅಂದ್ರೆ ಥ್ಯಾಂಕ್ಸ್ ಅಂತಾರೆ ಕಣೋ’ ಎಂದರು. ನಿಜ, ಒಬ್ಬರೂ ಮರಳಿ ಕೇಳಿದ್ದು ನಾನು ನೋಡಿಲ್ಲ. ಆದರೆ ನನ್ನ ನಾಲಿಗೆ ನಿನಗೆ ಗೊತ್ತಲ್ಲ. ಒಬ್ಬ ಟೀಚರಮ್ಮ ಕೇಳಿದಾಗ, ‘ನಿಮ್ಮ ಸೋಫಾ ಮುಟ್ಟೇ ಇಲ್ಲ ಮೇಡಂ, ಅದರ ಮೇಲೆ ಕೂತೇ ಮಾತಾಡ್ತಿದ್ದೀನಿ’ ಎಂದುಬಿಟ್ಟೆ. ಯಜಮಾನರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಫೋಮ್ ಕತ್ತರಿಸುವ ಚಾಕು ಕೊಟ್ಟರು. ‘ಇದು ಮಾತಾಡಲ್ಲ, ನಿನಗೆ ಇದೇ ಸರಿ’ ಎಂದರು.

ಈ ಪಾಠ ಆದಾಗಿನಿಂದ ನನಗೆ ಅನುಮಾನದ ರೋಗ ಅಂಟಿಕೊಂಡಿದೆ. ಯಾರು ಏನೇ ಹೇಳಿದರೂ ಯಾವ ಪದ ಹಾಕಿದರು ಎಂದು ಕಿವಿ ನೆಟ್ಟಗಾಗುತ್ತದೆ. ಅವರ ಮಾತುಗಳನ್ನೂ ಹಾಗೆಯೇ ಕೂತು ನೆನಪಿಸಿಕೊಂಡೆ. ‘ಅವರು’ ಎಂದರೆ ನೀನು ಮದುವೆಯಾಗಬೇಕಾದವರು. ಭಾವ ಎಂದು ಬರೆಯಲು ಕೈ ಬರುತ್ತಿಲ್ಲ. ಬಹುವಚನ ಉಳಿಸಿದ್ದೇನೆ, ಅದೂ ನಿನಗಾಗಿ. ಮಾತು ಪಕ್ಕಾ ಆದಾಗ ‘ಮುಂದಿನ ತಿಂಗಳು’ ಎಂದಿದ್ದರು. ಆಮೇಲೆ ‘ಮನೆಗೆ ಬಣ್ಣ ಹೊಡೆಸಿದ ಕೂಡಲೇ’. ಆಮೇಲೆ ‘ಇಷ್ಟರಲ್ಲೇ’, ‘ಸದ್ಯದಲ್ಲೇ’. ಈಗ ಬರೀ ‘ಸೂನ್’. ಅಪ್ಪ ಅವರಿಗೆ ಸೂನ್ ಸಾಹೇಬರು ಎಂದು ಹೆಸರಿಟ್ಟಾಗ ನೀನು ಮುನಿಸಿಕೊಂಡೆ. ನಾನು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಸೋಮವಾರ ಅವರ ತಾಯಿ ನಮ್ಮ ಅಂಗಡಿಗೆ ಬಂದರು. ಟೆಂಪೋದಲ್ಲಿ ಹಳೆಯ ಸೋಫಾ ಸೆಟ್ಟು. ನಾನು ಮಗುಚಿ ಹಾಕಿದ ದಿವಾನದ ಹಿಂದೆ ಬಾಯಿತುಂಬ ಮೊಳೆ ಇಟ್ಟುಕೊಂಡು ಗೋಣಿಪಟ್ಟಿ ಬಿಗಿಯುತ್ತಿದ್ದೆ. ಆಯಮ್ಮ ನಮ್ಮ ಮನೆಗೆ ಬಂದಿದ್ದ ದಿನ ನಾನು ಊರು ಸುತ್ತಲು ಹೋಗಿದ್ದೆನಲ್ಲ, ಹಾಗಾಗಿ ಅವರಿಗೆ ನನ್ನ ಮುಖದ ಗುರುತಿಲ್ಲ. ಅವರು ಹೊರಡುವ ಹೊತ್ತಿಗೆ ಮರಳಿ ಬಂದು ಬಾಗಿಲ ಸಂದಿಯಿಂದ ನೋಡಿದ್ದ ನನಗೆ ಅವರ ಗುರುತಿದೆ. ಯಜಮಾನರು ಅಭ್ಯಾಸಬಲದಿಂದ ‘ಇಷ್ಟರಲ್ಲೇ ಕೊಡ್ತೀವಮ್ಮ’ ಎಂದರು. ಆಯಮ್ಮ, ‘ಇಷ್ಟರಲ್ಲೇ ಗಿಷ್ಟರಲ್ಲೇ ನನ್ ಹತ್ರ ಬೇಡ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹುಡುಗಿ ಕಡೆಯವರು ಬರ್ತಾರೆ. ಶನಿವಾರ ಸಂಜೆ ಸೋಫಾ ಹಾಲ್‌ನಲ್ಲಿರ್ಬೇಕು’ ಎಂದರು. ನೋಡು, ನಡೆಯಲೇಬೇಕಾದ ಕೆಲಸಕ್ಕೆ ವಾರ ಇದೆ, ಗಂಟೆ ಇದೆ. ಬಾಯಲ್ಲಿ ಮೊಳೆ ಇದ್ದದ್ದು ಒಳ್ಳೆಯದೇ ಆಯಿತು.

ಕಂಡದ್ದು ಬೇರೆ, ಊಹೆ ಬೇರೆ. ಎರಡನ್ನೂ ಕಲಸಿ ನಿನ್ನ ಮುಂದೆ ಇಡುವುದಿಲ್ಲ. ಹುಡುಗಿ ಕಡೆಯವರು ಎಂದರೆ ನಾವೇ ಇರಬಹುದೆಂದು ಮೊದಲು ಖುಷಿಪಟ್ಟೆ. ಭಾನುವಾರ ಎಲ್ಲಾದರೂ ಹೊರಟಿದ್ದೀವಾ ಎಂದು ಅಮ್ಮನನ್ನು ಕೇಳಿದೆ. ‘ನಮ್ಮನ್ನ ಯಾರಪ್ಪಾ ಕರೆದಿದ್ದಾರೆ’ ಎಂದಳು. ಬೇರೆ ಮಗನಿಗೆ ಇರಬಹುದೆಂದರೆ ಆ ಮನೆಗೆ ಇರುವವರು ಒಬ್ಬರೇ ಮಗ. ತಡೆಯಲಾಗದೆ ನಿನ್ನೆ ಅವರ ಇನ್ಶೂರೆನ್ಸ್ ಆಫೀಸಿಗೇ ಹೋದೆ. ‘ಭಾನುವಾರ ನಿಮ್ಮನೆಗೆ ಯಾರು ಬರ್ತಾರೆ’ ಎಂದು ನೇರವಾಗಿ ಕೇಳಿದೆ. ಅವರು ಮೊದಲು ಗಾಜಿನ ಬಾಗಿಲು ಮುಚ್ಚಿದರು. ಆಮೇಲೆ ಟೀ ತರಿಸಿದರು. ಇದುವರೆಗೆ ನನಗೆ ನೀರು ಬೇಕಾ ಎಂದೂ ಕೇಳದ ಮನುಷ್ಯ ಹೆಗಲ ಮೇಲೆ ಕೈ ಹಾಕಿ, ‘ಅಮ್ಮನ ಸಮಾಧಾನಕ್ಕೆ ಕಣೋ, ಬಂದು ನೋಡ್ಕೊಂಡು ಹೋಗ್ತಾರೆ ಅಷ್ಟೇ. ನಿನ್ನಕ್ಕನಿಗೆ ಹೇಳ್ಬೇಡ, ನಾನೇ ಸೂನ್ ಹೇಳ್ತೀನಿ’ ಎಂದರು. ಮೂಗಿಗೆ ತುಪ್ಪ ಸವರುವಾಗ ವಾಸನೆ ಬಾರದಿರಲು ನನಗೇನು ನೆಗಡಿಯೇ? ಟೀ ಕುಡಿಯದೆ ಬಂದೆ. ಅವರು ನಿಜವಾಗಿಯೂ ತಾಯಿಗೆ ಹೆದರಿ ಒಪ್ಪಿರಬಹುದು. ಇರಬಹುದು ಎಂದೇ ಬರೆದಿದ್ದೇನೆ, ನೋಡು. ಆದರೆ ಹೆದರುವವರು ಭಾನುವಾರ ಹತ್ತು ಗಂಟೆಗೂ ಹೆದರಿಯೇ ಕೂತಿರುತ್ತಾರೆ, ಎದುರಿಗೆ ಹೊಸ ಬಟ್ಟೆಯ ಸೋಫಾದ ಮೇಲೆ ಇನ್ನೊಬ್ಬರ ಮಗಳು ಕೂತಿರುತ್ತಾಳೆ.

ಅಕ್ಕಾ, ನನಗೆ ನಿನ್ನ ಮೇಲೂ ಅನುಮಾನ. ಹೊಸ ಶಾಖೆಯ ಲ್ಯಾಬನ್ನು ನೀನೇ ನೋಡಿಕೋ ಎಂದು ನಿಮ್ಮ ಡಾಕ್ಟರಮ್ಮ ಕರೆದಾಗ, ಮದುವೆ ಇದೆ ಎಂದು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ‘ಸೂನ್ ಹೇಳ್ತೀನಿ ಮೇಡಂ’ ಎಂದೆಯಂತೆ. ನನಗೆ ಅದನ್ನು ಹೇಳುವಾಗ ನೀನು ನಗಲಿಲ್ಲ. ನಿನಗೂ ಒಳಗೊಳಗೇ ಗೊತ್ತಿದೆಯೇ? ಗೊತ್ತಿದ್ದೂ ಚಾಪೆಯ ಮೇಲೆ ಮಲಗುತ್ತಿದ್ದೀಯಾ? ಈ ಕಾಗದ ಓದಿ ನನ್ನ ಮೇಲೆ ಸಿಟ್ಟು ಬಂದರೆ ಬೈದುಬಿಡು, ಆದರೆ ಅವರನ್ನು ಕೇಳಿ ಖಾತ್ರಿ ಮಾಡಿಕೊಂಡು ಬೈ.

ಅಮ್ಮ ಹೊತ್ತೊತ್ತಿಗೆ ಊಟ ಮಾಡು ಎಂದಿದ್ದಾಳೆ. ಅಪ್ಪನ ಆಶೀರ್ವಾದ ಎಂದಿನಂತೆ, ಕೇಳದೇ ಬರೆಯುತ್ತಿದ್ದೇನೆ. ಇಬ್ಬರಿಗೂ ನಾನು ಇನ್ನೂ ಏನೂ ಹೇಳಿಲ್ಲ. ಅವರು ಕೇಳಿಲ್ಲ, ಹಾಗಾಗಿ ಸುಳ್ಳು ಹೇಳುವ ಗತಿ ಬಂದಿಲ್ಲ.

ನಿನ್ನ ತಮ್ಮ,
ಬುಗುರಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬಂದಿರಲಿಲ್ಲ. ಬಸ್ಸಿನ ಕಂಡಕ್ಟರಣ್ಣ ಹಾರ್ನ್ ಹೊಡೆಸುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ಇವತ್ತು ಸಂಜೆಯೇ ನಿನಗೆ ಸಿಗುತ್ತದೆ. ಶನಿವಾರ ಸಂಜೆ ಆ ಸೋಫಾ ಹೊತ್ತುಕೊಂಡು ಅವರ ಮನೆಗೆ ಹೋಗುವವರಲ್ಲಿ ನಾನೂ ಒಬ್ಬ. ನಾನಾಗಿ ಬಾಯಿ ಬಿಡುವುದಿಲ್ಲ. ‘ಯಾರ ಮಗನಪ್ಪಾ ನೀನು’ ಎಂದು ಆಯಮ್ಮ ಕೇಳಿದರೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಆಮೇಲೆ ನಿನ್ನ ಮದುವೆಯ ಮಾತು ಅಲ್ಲಿಗೆ ಮುಗಿದಂತೆಯೇ. ಡಾಕ್ಟರಮ್ಮ ಕೊಟ್ಟ ಗಡುವೂ ಶನಿವಾರವೇ ಅಲ್ಲವೇ? ಹಾಗಾಗಿ ನಾಳೆಯೇ ಹೋಗಿ ಅವರಿಗೆ ಹೂಂ ಅನ್ನು. ಅಳುವುದಿದ್ದರೆ ಭಾನುವಾರಕ್ಕೆ ಇಟ್ಟುಕೋ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಹತ್ತು ಗಂಟೆಗೆ ನಿನ್ನ ಕೋಣೆಯಲ್ಲಿರುತ್ತೇನೆ.