ಹದಿನೇಳು ಪಿನ್ನು, ಎಲ್ಲವೂ ಇವೆ

ಹೊಸಕೋಟೆ ದಿಬ್ಬ
ಬಿಸಿಲುಮಾಸದ ಇಪ್ಪತ್ತಾರು, ೨೩೧೭

ಸು. ಕೆ. ಅವರಿಗೆ,

‘ಹಾರಿದ್ದೆಲ್ಲ ಒಂದು ದಿನ ಬೀಳಲೇಬೇಕು’ ಎಂಬ ಸಾಲೊಂದು ಬೆಳಗಿನಿಂದ ನೆನಪಿಗೆ ಬರುತ್ತಿದೆ. ಚಿಕ್ಕವಳಿದ್ದಾಗ ಕೇಳಿದ ಯಾವುದೋ ಪದ್ಯದ್ದು. ಮುಂದಿನ ಸಾಲು ಮರೆತಿದೆ. ಈ ಸಾಲೂ ಹೀಗೆಯೇ ಇತ್ತೆಂದು ಹೇಳಲಾರೆ. ಆದರೆ ಅದು ಹೇಳುವುದು ನಿಜವೇ? ಹಾರಿದ ಎಷ್ಟೋ ವಸ್ತುಗಳು ಬೀಳಲಿಲ್ಲ, ಸುಮ್ಮನೆ ಇಳಿದವು. ಇಳಿದದ್ದರ ಬಗ್ಗೆ ಯಾರೂ ಪದ್ಯ ಕಟ್ಟುವುದಿಲ್ಲ. ನೀವು ಮಾತ್ರ, ಸುಮಾರು ಮುನ್ನೂರು ವರ್ಷದ ಹಿಂದೆ, ಬಿದ್ದ ವಿಮಾನಗಳ ಜೊತೆ ಇಳಿದವನ್ನೂ ಸೇರಿಸಿ ಪಟ್ಟಿ ಬರೆದಿರಿ. ಈ ಪತ್ರ ಅದಕ್ಕಾಗಿ.

ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ಬಿಸಿಲುಮಾಸವೆಂದರೆ ವೈಶಾಖ ಜ್ಯೇಷ್ಠಗಳ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ಉಳಿದ ತಿಂಗಳುಗಳಿಂದ ದಿನಗಳನ್ನು ಬೇಡಿ ತಂದು ಮಾಡಿದ್ದು. ನನ್ನ ಭಾಷೆಯೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಪಟ್ಟಿಯಿಂದಲೇ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದು ನಿಮ್ಮನ್ನು ಮುಟ್ಟುವ ದಾರಿಗೆ ಹಿಂದಂಚೆ ಎನ್ನುತ್ತೇವೆ. ಗತಿಸಿದವರಿಗೆ ಬರೆದ ಕಾಗದವನ್ನು ಕೆರೆಯ ಕೋಡಿಯ ಪಕ್ಕದ ಕಲ್ಲುಪೆಟ್ಟಿಗೆಗೆ ಹಾಕುತ್ತೇವೆ. ತಲುಪುತ್ತದೆಂದು ಯಾರೂ ಆಣೆಯಿಡುವುದಿಲ್ಲ. ತಲುಪಿಲ್ಲವೆಂದು ಇದುವರೆಗೆ ಯಾರೂ ದೂರಿಲ್ಲ.

ನಮ್ಮ ದಿನಕ್ಕೆ ಎರಡು ತುಂಡು. ಹೊತ್ತು ಮೂಡುವ ಮೊದಲೇ ಎದ್ದು ಕೆಲಸಕ್ಕಿಳಿಯುತ್ತೇವೆ. ಬಿಸಿಲೇರಿದ ಮೇಲೆ ಸಂಜೆಯವರೆಗೂ ಮುಚ್ಚುಹೊತ್ತು. ಆಗ ದಿಬ್ಬದ ಎಲ್ಲ ಬಾಗಿಲುಗಳೂ ಮುಚ್ಚಿರುತ್ತವೆ, ನೆಲಮನೆಯ ತಂಪಿನಲ್ಲಿ ಮಕ್ಕಳು ಮಲಗುತ್ತಾರೆ, ನನ್ನಂಥವರು ಓದುತ್ತೇವೆ. ರಸ್ತೆಗಳು ಕರಗಿಹೋಗಿ ತಲೆಮಾರುಗಳಾದವು. ರಾಗಿ, ಔಷಧಿ, ದಿನ ತುಂಬಿದ ಬಸುರಿಯರು, ಎಲ್ಲರೂ ದಿಬ್ಬದಿಂದ ದಿಬ್ಬಕ್ಕೆ ಹೋಗುವುದು ಬಟ್ಟೆಯ ರೆಕ್ಕೆಯ ಗಾಳಿದೋಣಿಗಳಲ್ಲಿ. ಅವನ್ನು ಜೋಡಿಸಿ ರಿಪೇರಿ ಮಾಡುವವರನ್ನು ಜೋಡಿಗರು ಎನ್ನುತ್ತೇವೆ. ಜೋಡಿಗರಾಗುವವರು ಊರ ಮುಂದೆ ನಿಂತು ಕೈವಂಶ ಹೇಳಬೇಕು: ತಮ್ಮ ಮನೆತನದಲ್ಲಿ ಹಾರುವ ವಸ್ತುವನ್ನು ಮುಟ್ಟಿ ಸರಿಮಾಡಿದ ಪ್ರತಿಯೊಬ್ಬರ ಹೆಸರು, ಕುಂದಿದ್ದರೆ ಕುಂದಿನ ಸಮೇತ. ಕುಂದು ಹೇಳಿದವರ ಕೈಗೆ ಯಾರೂ ದೋಣಿ ಕೊಡುವುದಿಲ್ಲ. ಜೀವ ಹೊತ್ತು ಹಾರುವ ವಸ್ತುವಲ್ಲವೇ, ಹೆದರಿಕೆ.

ನನ್ನ ಪಕ್ಕದ ಮನೆ ಅಕ್ಕಯ್ಯಮ್ಮನವರದು. ಅವರ ಮೂಲಪುರುಷ ಪಿಳ್ಳಮುನಿಯಪ್ಪ, ನಿಮ್ಮ ಕಾಲಕ್ಕೂ ಎಂಬತ್ತು ವರ್ಷ ಹಿಂದಿನ ಮಹಾಯುದ್ಧದಲ್ಲಿ, ಬೆಂಗಳೂರಿನ ಒಂದು ದುರಸ್ತಿ ಶೆಡ್ಡಿನಲ್ಲಿ ಫಿಟ್ಟರು. ಅವರು ಸಹಿ ಹಾಕಿ ಕಳಿಸಿದ ೭೧೪ನೇ ಸಂಖ್ಯೆಯ ಹರಿಕೇನ್ ಯುದ್ಧವಿಮಾನ ಈ ಕೆರೆಗೆ ಬಿದ್ದು, ಇಪ್ಪತ್ತೆರಡು ವರ್ಷದ ಪೈಲಟ್ ಸತ್ತ. ಬೀಳುವ ಮೊದಲು ಬಾಲದ ಪಟ್ಟಿ ಸಡಿಲವಾಗಿ ಬಡಿಯುತ್ತಿದ್ದುದನ್ನು ದಂಡೆಯಲ್ಲಿದ್ದವರು ಕಂಡಿದ್ದರು. ಪೈಲಟ್ ಕೂತಲ್ಲಿಂದ ಆ ಪಟ್ಟಿಯನ್ನು ಎಳೆಯುವ ಕೇಬಲಿಗೆ ಪಿನ್ನು ಹಾಕಿಲ್ಲ ಎಂದು ತೀರ್ಮಾನವಾಯಿತು. ಪಿಳ್ಳಮುನಿಯಪ್ಪನನ್ನು ಕೆಲಸದಿಂದ ತೆಗೆದರು. ಅಂದಿನಿಂದ ಅದು ‘ಪಿನ್ ಮರೆತವರ ಮನೆ’. ಅಕ್ಕಯ್ಯಮ್ಮನವರ ಬೆರಳುಗಳನ್ನು ನೀವು ನೋಡಬೇಕು. ಹರಿದ ಜರಡಿಯನ್ನು ಅವರು ಕಟ್ಟಿದರೆ ಗಂಟು ಎಲ್ಲಿದೆಯೆಂದು ತಿಳಿಯುವುದಿಲ್ಲ. ಆ ಬೆರಳುಗಳಿಗೆ ಎಪ್ಪತ್ತು ವರ್ಷವೂ ಬುಟ್ಟಿ ಹೆಣೆಯುವುದಷ್ಟೇ ಸಿಕ್ಕಿತು. ಈಗ ಮೊಮ್ಮಗಳು ಸಾಕಿ ಜೋಡಿಗರಲ್ಲಿ ಒಬ್ಬಳಾಗಬೇಕೆಂದು ಹಟ ಹಿಡಿದಿದ್ದಾಳೆ. ಅವಳು ಕೈವಂಶ ಹೇಳುವುದು ನಾಳೆ.

ನಾನು ಗುರುತುಮನೆಯಲ್ಲಿ ಕೆಲಸ ಮಾಡುತ್ತೇನೆ. ಲೋಹ ನಮ್ಮಲ್ಲಿ ಅಪರೂಪ, ಸಿಕ್ಕಿದ್ದನ್ನು ಕರಗಿಸಲೇಬೇಕು. ಆದರೆ ಕರಗಿಸುವ ಮುನ್ನ ಅದು ಏನಾಗಿತ್ತು, ಯಾರ ಕೈಯಲ್ಲಿತ್ತು ಎಂದು ಹುಡುಕಿ ಊರಿಗೆ ಓದಿ ಹೇಳುವುದು ಪದ್ಧತಿ. ಈ ಬಿಸಿಲುಮಾಸದ ನಾಲ್ಕರಂದು ಮನೆಗೊಬ್ಬರಂತೆ ಕೆರೆಯ ಹೂಳೆತ್ತುತ್ತಿದ್ದಾಗ ಗುದ್ದಲಿಗೆ ತಗಡು ತಗುಲಿತು. ಮೊದಲು ಮೇಲೆ ಬಂದದ್ದು ವಿಮಾನದ ಹಿಂಭಾಗ. ಸೆರಗಿನಿಂದ ಒರೆಸಿದೆ. ಏಳು, ಒಂದು, ನಾಲ್ಕು. ಹುಡುಕುವವರಿಗೆ ಸಿಕ್ಕಾಗ ಆಗುವ ಹಿಗ್ಗು ನಿಮಗೆ ಗೊತ್ತಿರಬೇಕು, ಅದೊಂದು ಕುರುಡು. ಆ ಹಿಗ್ಗಿನಲ್ಲೇ ಅಕ್ಕಯ್ಯಮ್ಮನವರ ಬಾಗಿಲಿಗೆ ಓಡಿದೆ.

“ಸಿಕ್ಕಿತು ಅಕ್ಕಯ್ಯಮ್ಮಾ, ೭೧೪ ಸಿಕ್ಕಿತು!”

ಅವರು ಹೆಣೆಯುತ್ತಿದ್ದ ಬುಟ್ಟಿಯಿಂದ ತಲೆಯೆತ್ತಲಿಲ್ಲ. “ಒಳ್ಳೇದಾಯ್ತು ಬಿಡಮ್ಮ. ಇಷ್ಟ್ ದಿನ ಬರೀ ಬಾಯ್ಮಾತಾಗಿತ್ತು. ಈಗ ಸಾಕ್ಷೀನೂ ನೀನೇ ಹೊತ್ಕೊಂಡು ಬಂದೆ.”

ಬಾಗಿಲು ಮುಚ್ಚಿತು. ಇಪ್ಪತ್ತೆರಡು ದಿನ ಆ ಮನೆಯಿಂದ ನನಗೆ ಸಾರಿನ ಬಟ್ಟಲು ಬರಲಿಲ್ಲ. ಸಾಕಿ ಮಾತ್ರ ಒಮ್ಮೆ ಗೋಡೆಯಾಚೆಯಿಂದ ಕೇಳಿದಳು: “ಅತ್ತೆ, ಆ ಪೈಲಟ್ ಹೆಸರಾದ್ರೂ ಗೊತ್ತಾ? ಕ್ಷಮೆ ಕೇಳ್ಬೇಕಲ್ಲ.”

ಆ ಹೆಸರು ಹುಡುಕಲೆಂದೇ ನಿಮ್ಮ ಪಟ್ಟಿಯನ್ನು ಮತ್ತೆ ತೆರೆದೆ. ವಿಮಾನಕ್ಕೊಂದು ಕಾರ್ಡು ಇರುತ್ತಿತ್ತಂತೆ, ಮನುಷ್ಯರಿಗೆ ಜಾತಕವಿದ್ದ ಹಾಗೆ. ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬಂದದ್ದು ಎಂದು, ಸೇರಿದ್ದು ಯಾವ ಪಡೆ, ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಇಳಿದದ್ದು ಯಾವ ಕಾಡುಬಯಲಲ್ಲಿ, ಕೊನೆಗೆ ಲೆಕ್ಕದಿಂದ ತೆಗೆದದ್ದು ಯಾಕೆ. ಆ ಕಾರ್ಡುಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಉಳಿದಿರುವುದು ನೀವು ಭಾನುವಾರಗಳಂದು ಕೂತು ಕೈಯಲ್ಲಿ ನಕಲು ಮಾಡಿದ ಆರುನೂರ ಎಂಟು ವಿಮಾನಗಳ ಗತಿ. ಯಾರೂ ನಿಮಗೆ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನೀವು ಗಂಡೋ ಹೆಣ್ಣೋ ಎಂಬುದೂ ನಮಗೆ ತಿಳಿಯದು. ತೊಂಬತ್ತೊಂದನೇ ಪುಟದಲ್ಲಿ ಲೋಟದ ಅಡಿಯ ಗುರುತಿದೆ. ನೀವು ಕಾಫಿ ಕುಡಿಯುತ್ತಿದ್ದಿರೆಂದು ಮಾತ್ರ ಗೊತ್ತು. ಬಿದ್ದ ವಿಮಾನಕ್ಕೆ ಎಷ್ಟು ಸಾಲು ಕೊಟ್ಟಿರೋ ಬೀಳದ್ದಕ್ಕೂ ಅಷ್ಟೇ ಕೊಟ್ಟಿದ್ದೀರಿ. ನಾನು ಎರಡು ವರ್ಷದಿಂದ ಬರೀ ಬಿದ್ದವನ್ನೇ ಓದಿದ್ದೆ.

ಪೈಲಟ್‌ನ ಹೆಸರು ಸಿಕ್ಕಿತು, ಸಾಕಿಗೆ ಬರೆದುಕೊಟ್ಟೆ. ಅದರ ಕೆಳಗೇ ನೀವು ಹೀಗೆ ಬರೆದಿದ್ದಿರಿ:

‘೩೦೨. ಯುದ್ಧ ಮುಗಿಯುವವರೆಗೂ ಹಾರಿದೆ. ಒಂದೂ ದೂರಿಲ್ಲ. ಆಮೇಲೆ ಒಂದು ತಾಂತ್ರಿಕ ಶಾಲೆಗೆ, ಪಾಠಕ್ಕೆ. ನಾನೇ ಹೋಗಿ ನೋಡಿದೆ. ಬಾಲದ ಮೇಲೆ ಬಣ್ಣದಲ್ಲಿ ೩೦೨. ಆಸನದ ಕೆಳಗಿನ ತಗಡಿನಲ್ಲಿ ೭೧೪. ಯಾಕೆ? ಕೇಬಲಿಗೆ ಹದಿನೇಳು ಪಿನ್ನು, ಎಲ್ಲವೂ ಇವೆ, ಎಲ್ಲದರ ತಲೆಯ ಮೇಲೂ ೪೧ ಎಂಬ ಅಚ್ಚು. ಎಂಥ ಅಚ್ಚುಕಟ್ಟು ಕೆಲಸ!’

ಆ ಶೆಡ್ಡಿನಲ್ಲಿ ಪ್ರತಿ ಫಿಟ್ಟರಿಗೂ ಒಂದು ಸಂಖ್ಯೆಯ ಅಚ್ಚು ಇರುತ್ತಿತ್ತು. ತಾನು ಹಾಕಿದ ಪಿನ್ನಿನ ತಲೆಗೆ ಅದನ್ನು ಒತ್ತಬೇಕು. ಅಚ್ಚುಗಳ ಯಾದಿಯೂ ನಿಮ್ಮ ಪುಸ್ತಕದ ಕೊನೆಯಲ್ಲಿದೆ. ನಲವತ್ತೊಂದು ಪಿಳ್ಳಮುನಿಯಪ್ಪನದು.

ಓದಿ ಮುಗಿಸಿದವಳೇ, ಮುಚ್ಚುಹೊತ್ತೆಂಬುದನ್ನೂ ನೋಡದೆ, ಒದ್ದೆ ಗೋಣಿ ಹೊದ್ದು ಕೆರೆಯ ದಂಡೆಗೆ ಓಡಿದೆ. ಅಷ್ಟರಲ್ಲಿ ವಿಮಾನದ ಮುಂಭಾಗವೂ ಮೇಲೆ ಬಂದಿತ್ತು. ಆಸನದ ಕೆಳಗಿನ ತಗಡನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಮೂರು, ಸೊನ್ನೆ, ಎರಡು.

ಆಗ ತಿಳಿಯಿತು. ಎರಡು ಪೆಟ್ಟುತಿಂದ ವಿಮಾನಗಳು ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತಿದ್ದವು. ಬೇಗ ಕಳಿಸಬೇಕು, ಯುದ್ಧ ಕಾಯುವುದಿಲ್ಲ. ಯಾವ ಮುಂಭಾಗಕ್ಕೆ ಯಾವ ಹಿಂಭಾಗ ಕೂಡಿತೋ ಅದನ್ನು ಜೋಡಿಸಿದರು, ಬಾಲಗಳು ಅದಲುಬದಲಾದವು. ಬಣ್ಣದ ಸಂಖ್ಯೆ ಇರುವುದು ಬಾಲದ ಕಡೆ. ಪೈಲಟ್ ಕೂರುವುದು, ಫಿಟ್ಟರು ಪಿನ್ನು ಹಾಕಿ ತಗಡಿನ ಸಂಖ್ಯೆಗೆ ಸಹಿ ಮಾಡುವುದು ಮುಂಭಾಗದಲ್ಲಿ. ಬರವಣಿಗೆಯವರು ಬಣ್ಣ ನೋಡಿದರು, ‘ಬಿದ್ದದ್ದು ೭೧೪, ೭೧೪ಕ್ಕೆ ಸಹಿ ಯಾರದು?’ ಎಂದರು. ಮುನ್ನೂರ ಎಪ್ಪತ್ತು ವರ್ಷದ ಬಳಿಕ ನಾನೂ ಸೆರಗಿನಲ್ಲಿ ಒರೆಸಿ ಅದೇ ಬಣ್ಣ ನೋಡಿದೆ, ಅದೇ ಮಾತು ಹೇಳಿದೆ. ಪಿಳ್ಳಮುನಿಯಪ್ಪನ ಪಿನ್ನುಗಳಾದರೋ ಬೇರೆಯವರ ಬಾಲ ಹೊತ್ತುಕೊಂಡು ಎರಡು ವರ್ಷ ಹಾರಿದವು, ಪ್ರತಿ ಸಲವೂ ಇಳಿದವು. ತನ್ನ ಕೆಲಸ ಆಕಾಶದಲ್ಲಿ ಕ್ಷೇಮವಾಗಿದೆಯೆಂದು ತಿಳಿಯದೆಯೇ ಆತ ಸತ್ತ.

ನಿಮ್ಮಲ್ಲಿ ನನ್ನ ಒಂದು ಬೇಡಿಕೆಯಿದೆ. ಇದು ನಿಮ್ಮನ್ನು ತಲುಪುವಾಗ ನೀವಿನ್ನೂ ನಕಲು ಮಾಡುತ್ತಿದ್ದರೆ, ಬೇಸರಪಟ್ಟು ನಿಲ್ಲಿಸಬೇಡಿ. ಉತ್ತರ ಗೊತ್ತಿಲ್ಲದ ಕಡೆಯಲ್ಲೂ ‘ಯಾಕೆ?’ ಎಂದು ಬರೆದಿಡಿ. ಆ ಎರಡಕ್ಷರಕ್ಕೆ ಉತ್ತರ ಕೊಡಲು ಎಲ್ಲೋ ಒಬ್ಬಳು ಹುಟ್ಟುತ್ತಾಳೆ.

ಇನ್ನೊಂದು ವಿಷಯಕ್ಕೆ ನಿಮ್ಮ ಸಲಹೆ ಬೇಕಿತ್ತು. ಕೆರೆಯ ವಿಮಾನದಲ್ಲಿ ಒಂದು ತೂತು ಖಾಲಿಯಿದೆ. ಪಿನ್ನು ಮರೆತದ್ದು ನಿಜ. ಸುತ್ತಲಿನ ಪಿನ್ನುಗಳ ಮೇಲಿನ ಅಚ್ಚು ಸ್ಪಷ್ಟವಾಗಿ ಕಾಣುತ್ತದೆ; ನಿಮ್ಮ ಯಾದಿಯಲ್ಲಿ ಆ ಹೆಸರಿದೆ, ಆ ಮನೆತನ ಮೂರು ದಿಬ್ಬಗಳಾಚೆ ಇಂದಿಗೂ ಇದೆ. ಲೋಹ ಕರಗಿಸುವ ಮುನ್ನ ನಾಳೆ ನಾನು ಊರಿಗೆ ಓದುವ ಕಾಗದದಲ್ಲಿ ‘ಯಾರ ಕೈ’ ಎಂಬ ಜಾಗವಿದೆ. ಕಂಡದ್ದನ್ನು ಬರೆಯುವುದೇ ನಮ್ಮ ಕಸುಬು. ಬರೆಯದೆ ಬಿಟ್ಟರೆ ನಿಮಗೆ ದ್ರೋಹವೆಂದುಕೊಂಡೇ ಇಂದು ಸಂಜೆ ಅಕ್ಕಯ್ಯಮ್ಮನವರ ಮನೆಗೆ ಹೋದೆ.

“ಬಂದ್ಯಾ, ಸಾಕ್ಷಿಗಾತಿ,” ಎಂದರು. “ಕಾಲು ತೊಳ್ಕೊಂಡ್ ಬಾ, ಕೆರೆ ಹೂಳೆಲ್ಲ ನಿನ್ ಮೇಲೇ ಐತೆ.” ನಿಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟು ಓದಿ ಹೇಳಿದೆ. ಹದಿನೇಳು ಎಂದಾಗ ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. “ಇನ್ನೊಂದ್ಸಲ ಓದು, ಅಚ್ಚುಕಟ್ಟು ಅಂತೈತಲ್ಲ, ಅದನ್ನ,” ಎಂದರು. ಓದಿದೆ. ಸಾಕಿಯಿಂದ ಕುಂದಿಲ್ಲದ ಹೆಸರನ್ನು ಮೂರು ಸಲ ಹೇಳಿಸಿದರು; ಮೂರನೆಯ ಸಲ ಅವಳ ದನಿ ನಡುಗಲಿಲ್ಲ. ಸಾರು ಬಡಿಸಿದರು. ನಾನು ಹೊರಟಾಗ ಬಾಗಿಲವರೆಗೂ ಬಂದು, ಚೌಕಟ್ಟು ಹಿಡಿದು ನಿಂತು, ಸಾಕಿಗೆ ಕೇಳದ ಹಾಗೆ ಹೇಳಿದರು:

“ಇನ್ನೊಂದು ಅಚ್ಚು ಯಾರ್ದು ಅಂತ ನಿಂಗ್ ಗೊತ್ತೈತೆ, ನಿನ್ ಮುಖ ನೋಡಿದ್ರೇ ತಿಳೀತದೆ. ನಂಗ್ ಹೇಳ್ಬೇಡ. ನಾಳೆ ಅಲ್ಲೂ ಹೇಳ್ಬೇಡ. ಒಂದ್ ಮನೆ ಹೊತ್ತಿದ್ದು ಸಾಕು. ಅಲ್ಲೂ ಒಬ್ಳು ಸಾಕಿ ಇರ್ತಾಳೆ ಕಣಮ್ಮ.”