ಆ ಎತ್ತಲ್ಲ, ಮಾನ್ಯರೇ

ಶಿಶುಪಾಲನೆಯ ದರ ನಿಗದಿ ಮಾಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ವಯೋಮಾನವಾರು ದರಪಟ್ಟಿಯಿಂದಾಗಿ ನನ್ನ ಮನೆಯಿಂದ ಒಂದು ಮಗು ಹೋಯಿತು. ಸತ್ತಿಲ್ಲ, ಗಾಬರಿಯಾಗಬೇಡಿ, ಸತ್ತಿದ್ದರೆ ತನಿಖೆಯಾದರೂ ನಡೆಯುತ್ತಿತ್ತು. ಉಂಡುಕೊಂಡು, ಉಸಿರಾಡಿಕೊಂಡು ಇದೆ. ಹಾಗಾಗಿ ನಿಮ್ಮ ಕಚೇರಿಯ ಮಟ್ಟಿಗೆ ಎಲ್ಲವೂ ಸರಿಯಾಗಿದೆ. ನನ್ನ ಮಟ್ಟಿಗೆ ಸರಿಯಾಗಿಲ್ಲ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಈ ಪತ್ರ.

ನಾನು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಕರೆದೊಯ್ಯುತ್ತಾರೆ. ಮಕ್ಕಳು ನನ್ನನ್ನು ದೊಡ್ಡಮ್ಮ ಅನ್ನುತ್ತವೆ. ಕೇಳಿ ಕೇಳಿ ತಾಯಂದಿರೂ ಹಾಗೇ ಅನ್ನುತ್ತಾರೆ. ನಿಮ್ಮ ಪಟ್ಟಿ ಬರುವ ಮೊದಲು ನನ್ನದೇ ಒಂದು ಲೆಕ್ಕವಿತ್ತು: ಮಡಿಲ ಮಕ್ಕಳು, ಬೆರಳ ಮಕ್ಕಳು, ಅಂಗಳದ ಮಕ್ಕಳು. ಸದಾ ಎತ್ತಿಕೊಂಡಿರಬೇಕಾದವು ಮಡಿಲವು. ಅವಕ್ಕೆ ಒಂದು ಇಡೀ ಆಳು ಬೇಕು, ಅದಕ್ಕೇ ದರ ಹೆಚ್ಚು. ಬೆರಳು ಹಿಡಿದು ನಡೆಯುವವಕ್ಕೆ ಅದಕ್ಕಿಂತ ಕಡಿಮೆ. ಅಂಗಳಕ್ಕೆ ಬಿಟ್ಟರೆ ತಾವೇ ಆಡಿ, ತಾವೇ ಜಗಳವಾಡಿ, ತಾವೇ ರಾಜಿಯಾಗುವವಕ್ಕೆ ಎಲ್ಲಕ್ಕಿಂತ ಕಡಿಮೆ. ಹುಟ್ಟಿದ ತಾರೀಕನ್ನು ನಾನು ಕೇಳುತ್ತಿದ್ದದ್ದು ಆ ದಿನ ಸಿಹಿ ಮಾಡುವುದಕ್ಕೆ ಮಾತ್ರ.

ಆಮೇಲೆ ನಿಮ್ಮ ಆದೇಶ ಬಂತು. ಎರಡು ವರ್ಷದೊಳಗಿನವರು, ಎರಡರಿಂದ ಮೂರರವರು, ಮೂರು ದಾಟಿದವರು. ಒಂದೊಂದು ಗುಂಪಿಗೂ ಬೇರೆ ಕೋಣೆ, ಬೇರೆ ದರ. ಮೂರು ದಾಟಿದ ಮಗುವನ್ನು ಕೂಸುಗಳ ಕೋಣೆಯಲ್ಲಿ ಇಡಕೂಡದು, ಅದಕ್ಕೆ ಕೂಸಿನ ದರ ಪಡೆಯಕೂಡದು. ಓಡಾಡುವ ಮಗುವನ್ನು ಕೂಸೆಂದು ಬರೆದು ತಾಯಂದಿರನ್ನು ಸುಲಿಯುವವರಿದ್ದಾರೆ, ಅವರನ್ನು ತಡೆಯಲು ಮಾಡಿದ್ದೀರಿ, ಒಪ್ಪಿದೆ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಕೇಳಿದ್ದೇನೆಯೇ ಹೊರತು, ಹೊಲಿಸಿದ ಕುಲಾವಿಗೆ ತಕ್ಕಂತೆ ಕೂಸಿನ ತಲೆಯನ್ನೇ ಅದುಮಿದರು ಎಂದು ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಒಬ್ಬನಿದ್ದ. ನಾವೆಲ್ಲ ಅವನನ್ನು ದೊರೆ ಎನ್ನುತ್ತಿದ್ದೆವು, ಏಕೆಂದರೆ ಅವನು ಎಲ್ಲಿಗೂ ನಡೆದು ಹೋಗುವವನಲ್ಲ, ಪರಿವಾರದವರು ಹೊತ್ತೊಯ್ಯಬೇಕು. ವಯಸ್ಸು ನಾಲ್ಕು. ಕಾಲು ನಿಲ್ಲವು. ತುತ್ತು ನುಂಗುವುದು ನಿಧಾನ. ಇಡೀ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೇ ಮಾತು. ಎರಡೂ ಕೈ ಮೇಲೆತ್ತಿ, “ಎತ್ತು” ಅನ್ನುತ್ತಿದ್ದ. ‘ಎತ್ಕೋ’ ಅನ್ನುವಷ್ಟು ನಾಲಿಗೆ ಹೊರಳದು. ಅಷ್ಟು ಕಲಿಯಲು ಅವನು ಪಟ್ಟ ಪಾಡು ನನಗೆ ಗೊತ್ತು. ಮೊದಲ ಸಲ ಅಂದ ದಿನ ನಾನೂ ಈ ಕೆಲಸದಲ್ಲಿ ನನಗೆ ನೆರವಾಗುವ ನಾದಿನಿಯೂ ಅತ್ತುಬಿಟ್ಟೆವು. ಆ ಸಂಭ್ರಮದಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು.

ಅವನ ತಾಯಿ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಅವನಿಗೆ ನಾಲ್ಕು ತುಂಬಿದಾಗ, ಅವಳ ಕಷ್ಟ ನೋಡಲಾರದೆ ನಾನೇ ಹೇಳಿದೆ, “ಇನ್ನು ಅಂಗಳದ ಮಕ್ಕಳ ದರ ಕೊಡಮ್ಮ, ಸಾಕು.”

“ಬೇಡ ದೊಡ್ಡಮ್ಮ,” ಅಂದಳು. “ನನ್ ಮಗ ನಿಮ್ ಮಡಿಲಲ್ಲೇ ತಾನೇ ಇರೋದು? ಮಡಿಲ ದರಾನೇ ಕೊಡ್ತೀನಿ. ಅವನನ್ನ ಯಾರೂ ಪುಕ್ಕಟೆ ಎತ್ಕೊಂಡಿದಾರೆ ಅನ್ನಿಸ್ಬಾರದು.”

ಈ ಸ್ವಾಭಿಮಾನವೇ ನಿಮ್ಮ ಕಣ್ಣಿಗೆ ನನ್ನ ಅಪರಾಧವಾಯಿತು. ಹೆಚ್ಚಿನ ದರ ವಸೂಲಿ, ತಪ್ಪು ಕೋಣೆ: ಎರಡು ಆರೋಪ. ಬೆಳವಣಿಗೆ ಹಿಂದಿರುವ ಮಗುವಿಗೆ ವಿನಾಯಿತಿ ಉಂಟೆಂದು ಯಾರೋ ಹೇಳಿದರು, ಅರ್ಜಿ ಹಾಕಿದೆ. ನಿಮ್ಮ ಪರಿವೀಕ್ಷಕರು ಬಂದರು. ಒಳ್ಳೆಯ ಹೆಣ್ಣುಮಗಳು, ಚಪ್ಪಲಿ ಹೊರಗೇ ಬಿಟ್ಟು ಬಂದರು. ದೊರೆ ಗೋಡೆಗೊರಗಿ ಕೂತಿದ್ದ. ಅವನ ತಲೆಯ ಮೇಲ್ಗಡೆ ಗೋಡೆಗೆ ಪ್ರಾಣಿಗಳ ಚಿತ್ರದ ಹಾಳೆ ಅಂಟಿಸಿತ್ತು: ಕುದುರೆ, ಕುರಿ, ಎತ್ತು. ಹೊಸಬರನ್ನು ಕಂಡ ಖುಷಿಗೆ ಅವನು ಕೈ ಮೇಲೆತ್ತಿ, “ಎತ್ತು” ಅಂದ.

“ಅರೆ! ಎತ್ತು ಗೊತ್ತಾ ನಿಂಗೆ? ಜಾಣ, ಕೈ ಮಾಡಿ ತೋರಿಸ್ತಾನೆ ನೋಡಿ!”

“ಅಯ್ಯೋ ಮೇಡಂ, ಆ ಎತ್ತಲ್ಲ. ಎತ್ಕೊಳ್ಳಿ ಅಂತಿದಾನೆ.”

ಅವರು ನಕ್ಕರು. “ಇರ್ಲಿ ಬಿಡಿ, ಮಗು ಬಗ್ಗೆ ಒಳ್ಳೇದೇ ಬರೀತಿದೀನಲ್ಲ,” ಅಂದರು. ಎತ್ತಿಕೊಳ್ಳಲಿಲ್ಲ. ಬರೆದುಕೊಂಡು ಹೋದರು.

ಅವನ ಕೈ ಇನ್ನೂ ಮೇಲೇ ಇತ್ತು. ನಾನು ಹೋಗಿ ಎತ್ತಿಕೊಂಡೆ.

ನಿಮ್ಮ ಉತ್ತರ ಬಂತು: ‘ಮಗುವು ಪ್ರಾಣಿಗಳನ್ನು ಗುರುತಿಸಿ ಹೆಸರಿಸುತ್ತದೆ. ಬೆಳವಣಿಗೆ ವಯಸ್ಸಿಗೆ ತಕ್ಕುದಾಗಿದೆ. ವಿನಾಯಿತಿ ನಿರಾಕರಿಸಲಾಗಿದೆ.’ ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ! ಆ ಗಾದೆ ಕಟ್ಟಿದವರಿಗೆ ನಿಮ್ಮ ಕಚೇರಿಯ ಪರಿಚಯ ಮೊದಲೇ ಇತ್ತೇನೋ. ದರ ಬೇಡ, ಬಿಟ್ಟಿಯಾಗಿಯೇ ನೋಡಿಕೊಳ್ಳುತ್ತೇನೆ ಎಂದು ಬರೆದೆ. ದರ ಬಿಟ್ಟರೂ ವಯಸ್ಸು ಬಿಡುವುದಿಲ್ಲ, ಕೋಣೆ ಬದಲಿಸದಿದ್ದರೆ ಪರವಾನಗಿ ರದ್ದು ಅಂದಿರಿ. ಬದಲಿಸಿ ನೋಡಿದೆ. ಅಂಗಳದಲ್ಲಿ ನಾದಿನಿ ಒಬ್ಬಳು, ಓಡುವ ಮಕ್ಕಳು ಹಲವು. ಮೊದಲ ದಿನವೇ ಓಡಿ ಬಂದ ಮಗುವೊಂದು ದೊರೆಯ ಬೆರಳು ತುಳಿಯಿತು. ಯಾರನ್ನು ಬೈಯಲಿ? ಓಡುವುದು ಅದರ ವಯಸ್ಸಿಗೆ ತಕ್ಕ ಬೆಳವಣಿಗೆ.

ಸಂಜೆ ಅವನ ತಾಯಿ ಆ ಬೆರಳನ್ನು ನೋಡಿದಳು. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು.

“ನೀವು ಬಾಗಿಲು ಮುಚ್ಚಿದ್ರೆ ಉಳಿದ ಮಕ್ಕಳು ಎಲ್ಲಿಗೆ ಹೋಗ್ಬೇಕು ದೊಡ್ಡಮ್ಮ? ನಾನೇ ಇವನನ್ನ ದೊಡ್ಡ ಕೇಂದ್ರಕ್ಕೆ ಸೇರಿಸ್ತೀನಿ ಬಿಡಿ.”

ಅವನ ಚಮಚ, ಹೊದಿಕೆ ಎಲ್ಲ ಕಟ್ಟಿಕೊಟ್ಟೆ. ಬಾಗಿಲಲ್ಲಿ ಅವನು ತಾಯಿಯ ಹೆಗಲ ಮೇಲಿಂದ ನನ್ನ ಕಡೆಗೆ ಕೈ ಚಾಚಿ ‘ಎತ್ತು’ ಅಂದ. ನಾಳೆ ಬಾ ದೊರೆ, ಎಂದು ಸುಳ್ಳು ಹೇಳಿದೆ.

ಕೆಲವು ವಾರದ ಮೇಲೆ ನೋಡಲು ಹೋದೆ. ಕೇಂದ್ರ ಚೊಕ್ಕಟವಾಗಿದೆ, ಯಾರೂ ಕೆಟ್ಟವರಲ್ಲ. ಮೂರು ದಾಟಿದವರ ಕೋಣೆಯಲ್ಲಿ ಅವನನ್ನು ಮೂಲೆಗೆ ಒರಗಿಸಿ ಕೂರಿಸಿದ್ದರು. ನನ್ನನ್ನು ಕಂಡು ನಕ್ಕ, ಗುರುತಿತ್ತು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಾದೆ. ಅವನ ಕೈಗಳು ತೊಡೆಯ ಮೇಲೇ ಇದ್ದವು. “ಎತ್ತು ಅನ್ನೋ ದೊರೆ,” ಅಂದೆ. ಸುಮ್ಮನೆ ನೋಡಿದ.

“ತುಂಬಾ ಒಳ್ಳೇ ಮಗು,” ಅಂದಳು ಅಲ್ಲಿನ ಆಯಾ, ಪ್ರೀತಿಯಿಂದಲೇ. “ಏನೂ ಕೇಳೋದೇ ಇಲ್ಲ.”

ಮಾನ್ಯರೇ, ಹಸಿವು, ನೋವು, ಹೆದರಿಕೆ, ಪ್ರೀತಿ ಎಲ್ಲಕ್ಕೂ ಅವನಲ್ಲಿದ್ದದ್ದು ಅದೊಂದೇ ಮಾತು. ಅದನ್ನು ನೀವು ಪ್ರಾಣಿಗಳ ಪಟ್ಟಿಗೆ ಸೇರಿಸಿಕೊಂಡಿರಿ.

ನನ್ನ ಬೇಡಿಕೆ ಇಷ್ಟು. ‘ಹೆಸರಿಸುತ್ತದೆ’ ಎಂಬ ಆ ಸುಳ್ಳು ಸಾಲನ್ನು ಹೊಡೆದುಹಾಕಿ. ನಿಮ್ಮ ಮೂರು ಗುಂಪುಗಳ ಕೆಳಗೆ ‘ಯಾವ ವಯಸ್ಸಾದರೂ ಎತ್ತಿಕೊಳ್ಳಬೇಕಾದ ಮಗು’ ಎಂದು ನಾಲ್ಕನೆಯದನ್ನು ಬರೆಯಿರಿ. ದರ ನೀವೇ ಹಾಕಿ. ಅಲ್ಲಿಯವರೆಗೆ ಆ ಕೇಂದ್ರಕ್ಕೆ ಯಾರನ್ನಾದರೂ ಕಳಿಸಿ, ಅವನು ಕೇಳದಿದ್ದರೂ ಎತ್ತಿಕೊಳ್ಳಲು ಹೇಳಿ.

ಇಂತಿ,
ಕೈಯಲ್ಲಿ ಇನ್ನೂ ಕಸುವಿದ್ದು, ಎತ್ತಲು ಅಪ್ಪಣೆಯಿಲ್ಲದ
ದೊಡ್ಡಮ್ಮ